ಡಿಸ್ಕಿನ ಮುಂದೆ ಸರದಿ



ತಿರುಗುವ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಬಳಸಿದವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತಿರುತ್ತದೆ. ವೈರಸ್ ತಪಾಸಣೆ ನಡೆಯುತ್ತಿರುತ್ತದೆ. ಅದರ ನಡುವೆಯೇ ಮದುವೆಯ ವಿಡಿಯೊ ನಕಲು ಮಾಡಲು ಹಚ್ಚುತ್ತೇವೆ. ಅದು ಮುಗಿಯುವ ತನಕ ಸುಮ್ಮನಿರಲಾರದೆ ಬ್ರೌಸರನ್ನೂ ತೆರೆಯುತ್ತೇವೆ. ಪೆಟ್ಟಿಗೆಯೊಳಗೆ ಕಟಕಟ ಶುರುವಾಗುತ್ತದೆ, ಪರದೆಯ ಮೇಲೆ ಏನೂ ಅಲುಗುವುದಿಲ್ಲ. ಪ್ರೊಸೆಸರ್ ಹಳೆಯದಾಯಿತು ಎಂದು ಬೈದುಕೊಳ್ಳುತ್ತೇವೆ. ಪಾಪ, ಆ ಹೊತ್ತಿನಲ್ಲಿ ಪ್ರೊಸೆಸರ್ ಬಹುಮಟ್ಟಿಗೆ ಕೆಲಸವಿಲ್ಲದೆ ಕೂತಿರುತ್ತದೆ. ಮೂರೂ ಪ್ರೋಗ್ರಾಂಗಳು ಡಿಸ್ಕಿನ ಮುಂದೆ ಸಾಲುಗಟ್ಟಿ ನಿಂತಿರುತ್ತವೆ. ಆ ಸಾಲನ್ನು ಯಾರು ನಡೆಸುತ್ತಾರೆ, ಯಾರನ್ನು ಮುಂದೆ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಡಿಸ್ಕಿನ ಕಷ್ಟ ಕೇಳಿ. ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ಒಂದೇ ಸಮನೆ ತಿರುಗುತ್ತಿರುತ್ತವೆ. ಮೇಜಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು. ತಟ್ಟೆಯ ಪ್ರತಿ ಮೈಗೂ ಒಂದು ಹೆಡ್ಡು ಇರುತ್ತದೆ. ಓದುವುದೂ ಬರೆಯುವುದೂ ಅದರ ಕೆಲಸ. ಆದರೆ ಹೆಡ್ಡುಗಳೆಲ್ಲ ಒಂದೇ ತೋಳಿಗೆ ಸೇರಿಕೊಂಡಿವೆ. ತೋಳು ಒಳಕ್ಕೆ ಸರಿದರೆ ಎಲ್ಲವೂ ಒಳಕ್ಕೆ, ಹೊರಕ್ಕೆ ಸರಿದರೆ ಎಲ್ಲವೂ ಹೊರಕ್ಕೆ. ಬೇಕಾದ ಟ್ರ್ಯಾಕಿನ, ಅಂದರೆ ತಟ್ಟೆಯ ಮೇಲಿನ ಮಾಹಿತಿಯ ವೃತ್ತದ, ಮೇಲೆ ತೋಳು ಬಂದು ನಿಲ್ಲಲು ಸರಾಸರಿ ಎಂಟು ಒಂಬತ್ತು ಮಿಲಿಸೆಕೆಂಡು ಹಿಡಿಯುತ್ತದೆ. ನಿಂತ ಮೇಲೂ ಬೇಕಾದ ಜಾಗ ತಿರುಗಿಕೊಂಡು ಹೆಡ್ಡಿನ ಕೆಳಗೆ ಬರಬೇಕಲ್ಲ? ಒಂದು ಸುತ್ತಿಗೆ ಎಂಟೂ ಕಾಲು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಸರಾಸರಿ ಅರ್ಧ ಸುತ್ತು ಕಾಯಬೇಕು ಎಂದಿಟ್ಟುಕೊಂಡರೆ ಇನ್ನೊಂದು ನಾಲ್ಕು. ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡು. ಕೇಳಲು ಅತ್ಯಲ್ಪ. ಆದರೆ ಸೆಕೆಂಡಿಗೆ ಮುನ್ನೂರು ಕೋಟಿ ಸಲ ಮಿಡಿಯುವ ಪ್ರೊಸೆಸರಿನ ಗಡಿಯಾರ ಹನ್ನೆರಡು ಮಿಲಿಸೆಕೆಂಡಿನಲ್ಲಿ ಮೂರು ಕೋಟಿ ಅರವತ್ತು ಲಕ್ಷ ಸಲ ಮಿಡಿದಿರುತ್ತದೆ.

ಇಲ್ಲಿ ಇನ್ನೊಂದು ಲೆಕ್ಕವಿದೆ. ನನ್ನ ಇಡೀ ಭಾಷಣ ನಿಂತಿರುವುದು ಅದರ ಮೇಲೆ. ತೋಳು ಅಲುಗದೆ ಅಕ್ಕಪಕ್ಕದ ಮಾಹಿತಿಯನ್ನು ಸಲೀಸಾಗಿ ಓದುತ್ತ ಹೋದರೆ ಇಂಥ ಡಿಸ್ಕು ಸೆಕೆಂಡಿಗೆ 150 ಮೆಗಾಬೈಟಿನಷ್ಟು ಕೊಡಬಲ್ಲದು. ಅದೇ ಡಿಸ್ಕಿಗೆ 'ಇಲ್ಲೊಂದು ಚೂರು, ಅಲ್ಲೊಂದು ಚೂರು' ಎಂದು ನಾಲ್ಕು ನಾಲ್ಕು ಕಿಲೋಬೈಟು ಕೇಳುತ್ತ ಹೋದರೆ, ಸೆಕೆಂಡಿಗೆ ಎಂಬತ್ತು ಚೂರು ಕೊಡುವಷ್ಟರಲ್ಲಿ ಅದಕ್ಕೆ ಸುಸ್ತು. ಎಂಬತ್ತು ನಾಲ್ಕಲಿ ಮುನ್ನೂರ ಇಪ್ಪತ್ತು ಕಿಲೋಬೈಟು. ಡಿಸ್ಕು ಅದೇ, ವಿದ್ಯುತ್ತು ಅದೇ, ಕೇಳುವ ಕ್ರಮ ಬದಲಾದದ್ದಕ್ಕೆ ವೇಗ ನಾನೂರು ಪಟ್ಟಿಗೂ ಹೆಚ್ಚು ಕುಸಿಯಿತು. ಇಂಥ ವಿಪರೀತ ಸ್ವಭಾವದ ಭಾಗ ಕಂಪ್ಯೂಟರಿನಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಈ ಸ್ವಭಾವ ಹುಟ್ಟಿನಿಂದ ಬಂದದ್ದು. 1956ರಲ್ಲಿ ಐಬಿಎಂ ಕಂಪನಿ ರ್‍ಯಾಮ್ಯಾಕ್ ಎಂಬ ಯಂತ್ರದೊಂದಿಗೆ ಮೊದಲ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಎರಡಡಿ ಅಗಲದ ಐವತ್ತು ತಟ್ಟೆಗಳು, ಹತ್ತಿರ ಹತ್ತಿರ ಒಂದು ಟನ್ ತೂಕ. ಅಷ್ಟೆಲ್ಲ ಇದ್ದೂ ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ ಮಾತ್ರ. ಅದರ ತೋಳು ಮೇಲೆ ಕೆಳಗೆ ಏರಿಳಿದು ತಟ್ಟೆಯಿಂದ ತಟ್ಟೆಗೆ ಹೋಗಬೇಕಿತ್ತು, ಸರಾಸರಿ 600 ಮಿಲಿಸೆಕೆಂಡು ತಗಲುತ್ತಿತ್ತು. ಅಲ್ಲಿಂದೀಚೆಗೆ ಡಿಸ್ಕು ಹಿಡಿಸುವ ಮಾಹಿತಿ ಲಕ್ಷಾಂತರ ಪಟ್ಟು ಬೆಳೆಯಿತು. ತೋಳು ಚುರುಕಾದದ್ದು ಮಾತ್ರ ಎಪ್ಪತ್ತು ಎಂಬತ್ತು ಪಟ್ಟು. ಲೋಹದ ತೋಳಿಗೆ ಅದರದೇ ಭಾರವಿದೆ, ಎಲೆಕ್ಟ್ರಾನಿನಂತೆ ಹಾರಲು ಆಗದು. ಸದ್ದಿಗೂ ಅದು ಬೆದರುತ್ತದೆ! 2008ರ ಕೊನೆಯಲ್ಲಿ ಸನ್ ಮೈಕ್ರೊಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಸಾಲಿನ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದರು. ಆ ಕಂಪನಕ್ಕೆ ಡಿಸ್ಕುಗಳ ಉತ್ತರ ತಡವಾದದ್ದನ್ನು ಪರದೆಯ ಮೇಲೆ ತೋರಿಸಿದರು. ವಿಡಿಯೊ ಇಂದಿಗೂ ಪ್ರಸಿದ್ಧ. ಡಿಸ್ಕಿನ ಮೇಲೆ ಸಿಟ್ಟು ಬಂದಾಗ ಕೂಗಬಾರದು ಎನ್ನುವುದಕ್ಕೆ ಪುರಾವೆ ಸಿಕ್ಕಂತಾಯಿತು.

ಸರಿ, ಇಂಥ ಒಂದು ತೋಳಿಗೆ ಹತ್ತಾರು ಪ್ರೋಗ್ರಾಂಗಳು. ಯಾವುದಕ್ಕೂ ಇನ್ನೊಂದರ ಪರಿವೆಯಿಲ್ಲ. ಪ್ರತಿಯೊಂದೂ ಡಿಸ್ಕು ತನ್ನೊಬ್ಬನದೇ ಎಂಬ ನಂಬಿಕೆಯಲ್ಲಿ ಬರೆಯಲ್ಪಟ್ಟಿದೆ. ನಿಜಕ್ಕೂ ಯಾವ ಪ್ರೋಗ್ರಾಮೂ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. 'ಈ ಫೈಲಿನ ಈ ಭಾಗ ಕೊಡು' ಎಂದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲನ್ನು ಕೇಳುತ್ತದೆ. ಕರ್ನಲ್ ಮೊದಲು ತನ್ನ ಮೆಮೊರಿಯಲ್ಲಿ ಹುಡುಕುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಯಾರಾದರೂ ಅದನ್ನೇ ಕೇಳಿದ್ದರೆ ಪ್ರತಿ ಅಲ್ಲೇ ಇರುತ್ತದೆ, ಡಿಸ್ಕಿನವರೆಗೆ ಹೋಗುವ ಪ್ರಮೇಯವಿಲ್ಲ. ಮೊದಲ ಸಲ ನಿಧಾನವಾಗಿ ತೆರೆದುಕೊಂಡ ಪ್ರೋಗ್ರಾಂ ಎರಡನೆಯ ಸಲ ಥಟ್ಟನೆ ತೆರೆಯುವುದು ಇದರಿಂದ. ಮೆಮೊರಿಯಲ್ಲಿ ಇಲ್ಲದಿದ್ದರೆ ಮಾತ್ರ ಬೇಡಿಕೆ ಡಿಸ್ಕಿನ ಸಾಲಿಗೆ ಸೇರುತ್ತದೆ. ಉತ್ತರ ಬರುವವರೆಗೆ ಆ ಪ್ರೋಗ್ರಾಮನ್ನು ಮಲಗಿಸಿ ಪ್ರೊಸೆಸರನ್ನು ಇನ್ನೊಬ್ಬರಿಗೆ ಕೊಡಲಾಗುತ್ತದೆ.

ಬರೆಯುವ ವಿಷಯದಲ್ಲಿ ಕರ್ನಲ್ ಇನ್ನೂ ಜಾಣ. ಪ್ರೋಗ್ರಾಂ 'ಇದನ್ನು ಬರೆದಿಡು' ಎಂದ ಕೂಡಲೇ ಅದನ್ನು ಮೆಮೊರಿಗೆ ಹಾಕಿಕೊಂಡು 'ಆಯಿತು' ಎಂದುಬಿಡುತ್ತದೆ. ಡಿಸ್ಕಿಗೆ ಅದಿನ್ನೂ ಹೋಗಿರುವುದಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಸಾಮಾನ್ಯ ಏರ್ಪಾಟಿನಂತೆ, ಹೀಗೆ ಹಾಕಿಕೊಂಡದ್ದಕ್ಕೆ ಮೂವತ್ತು ಸೆಕೆಂಡು ವಯಸ್ಸಾದ ಮೇಲೆ ಡಿಸ್ಕಿಗೆ ಕಳಿಸುವ ಕೆಲಸ ಶುರುವಾಗುತ್ತದೆ. ಈ ಅರ್ಧ ಸುಳ್ಳಿನಿಂದ ದೊಡ್ಡ ಲಾಭವಿದೆ. ಚೂರುಪಾರು ಬರಹಗಳನ್ನು ಒಟ್ಟುಗೂಡಿಸಿ, ಅಕ್ಕಪಕ್ಕದವನ್ನು ಜೋಡಿಸಿ, ಒಂದೇ ಹೊರೆಯಾಗಿ ಇಳಿಸಬಹುದು.

ಇದರಿಂದ ಓದಿಗೂ ಬರಹಕ್ಕೂ ನಡುವೆ ಒಂದು ಅಂತರ ಹುಟ್ಟಿತು. ಓದು ಕೇಳಿದವನು ಉತ್ತರ ಬರುವ ತನಕ ಕಾಯುತ್ತ ನಿಂತಿರುತ್ತಾನೆ. ಬರೆಯಲು ಕೊಟ್ಟವನು ಕೊಟ್ಟು ಹೊರಟುಹೋಗಿರುತ್ತಾನೆ. ಡಿಸ್ಕಿನ ಮುಂದಿನ ಸಾಲಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಒಂದರ ಹಿಂದೆ ಕಾಯುವ ಮನುಷ್ಯನಿದ್ದಾನೆ, ಇನ್ನೊಂದರ ಹಿಂದೆ ಯಾರೂ ಇಲ್ಲ. ಇಷ್ಟು ಸರಳ ಸಂಗತಿಯನ್ನು ಸಾಲು ನಡೆಸುವವರು ಬಹುಕಾಲ ಗಣನೆಗೆ ತೆಗೆದುಕೊಳ್ಳಲಿಲ್ಲ.

ಸಾಲನ್ನು ನಡೆಸುವ ಅತಿ ಸುಲಭದ ದಾರಿ, ಮೊದಲು ಬಂದವರಿಗೆ ಮೊದಲು ಕೊಡುವುದು. ನೋಡಲು ನ್ಯಾಯ. ಆದರೆ ಒಂದು ಪ್ರೋಗ್ರಾಮಿನ ಫೈಲು ತಟ್ಟೆಯ ಒಳಅಂಚಿನಲ್ಲೂ ಇನ್ನೊಂದರದು ಹೊರಅಂಚಿನಲ್ಲೂ ಇದ್ದು, ಇಬ್ಬರೂ ಸರದಿಯಂತೆ ಚೂರು ಚೂರು ಕೇಳತೊಡಗಿದರೆ ತೋಳು ಅತ್ತಿಂದಿತ್ತ ಓಡಾಡಿ ಸಾಯುತ್ತದೆ. ಓಡಾಟದಲ್ಲೇ ಹೊತ್ತು ಹೋಯಿತು, ಕೆಲಸ ಯಾರದೂ ಆಗಲಿಲ್ಲ. ಒಂದೇ ಹಾರ್ಡ್ ಡಿಸ್ಕಿನಲ್ಲಿ ಎರಡು ದೊಡ್ಡ ನಕಲುಗಳನ್ನು ಒಟ್ಟಿಗೆ ಹಚ್ಚಿದರೆ, ಒಂದಾದ ಮೇಲೊಂದು ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಈ ಕಾರಣಕ್ಕೆ.

ಹಾಗಾದರೆ ತೋಳಿಗೆ ಯಾವುದು ಹತ್ತಿರವೋ ಅದನ್ನು ಮೊದಲು ಪೂರೈಸೋಣ ಎನ್ನಬಹುದು. ಓಟ ಕಡಿಮೆಯಾಗುತ್ತದೆ, ನಿಜ. ಆದರೆ ಒಂದೇ ಜಾಗದ ಸುತ್ತ ಹೊಸ ಹೊಸ ಬೇಡಿಕೆಗಳು ಬರುತ್ತಲೇ ಇದ್ದರೆ ದೂರದವನ ಪಾಳಿ ಎಂದೂ ಬರುವುದಿಲ್ಲ. 1967ರಲ್ಲಿ, ಆಗ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿದ್ದ ಪೀಟರ್ ಡೆನ್ನಿಂಗ್ ಎಂಬುವರು ಈ ಬಗೆಬಗೆಯ ಕ್ರಮಗಳನ್ನು ಗಣಿತದಿಂದ ತೂಗಿ ನೋಡಿದರು. ಅವರು ಚರ್ಚಿಸಿದ ಒಂದು ಕ್ರಮ ಹೀಗಿದೆ. ತೋಳು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ದಿಕ್ಕಿನಲ್ಲಿ ಸಾಗಬೇಕು. ದಾರಿಯಲ್ಲಿ ಸಿಕ್ಕ ಬೇಡಿಕೆಗಳನ್ನೆಲ್ಲ ಪೂರೈಸುತ್ತ ಹೋಗಬೇಕು. ಆಮೇಲೆ ತಿರುಗಿ ಅದೇ ರೀತಿ ಬರಬೇಕು. ಬಹುಮಹಡಿ ಕಟ್ಟಡದ ಲಿಫ್ಟು ಮಾಡುವುದೂ ಇದನ್ನೇ: ಮೇಲೆ ಹೋಗುವಾಗ ಮೇಲಿನವರನ್ನೆಲ್ಲ ಇಳಿಸಿ, ಆಮೇಲೆ ಕೆಳಗಿಳಿಯುತ್ತದೆ. ಎಂಜಿನಿಯರುಗಳು ಈ ಕ್ರಮವನ್ನು ಎಲಿವೇಟರ್ ಎಂದೇ ಕರೆಯುತ್ತಾರೆ. ಡಿಸ್ಕಿನ ಸಾಲು ನಡೆಸುವ ಕರ್ನಲಿನ ಭಾಗಕ್ಕೇ ಆ ಹೆಸರು ಅಂಟಿಕೊಂಡಿತು. ಇದರ ತಂಗಿ, ತಮ್ಮ, ಸೋದರಳಿಯ ಕ್ರಮಗಳು ಇನ್ನೂ ಕೆಲವಿವೆ. ಪಠ್ಯಪುಸ್ತಕದಲ್ಲಿ ಪರೀಕ್ಷೆಗೆ ಬರುತ್ತವೆ, ಅವನ್ನು ಬಿಟ್ಟುಬಿಡುತ್ತೇನೆ.

2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4 ಆವೃತ್ತಿಯಲ್ಲಿ ಇದ್ದದ್ದು ಇಂಥದೇ ಎಲಿವೇಟರ್. ಅಕ್ಕಪಕ್ಕದ ಬೇಡಿಕೆಗಳನ್ನು ಜೋಡಿಸಿ, ಸ್ಥಾನದ ಪ್ರಕಾರ ಸಾಲಾಗಿ ನಿಲ್ಲಿಸುವುದು ಅದರ ಕೆಲಸ. ಡಿಸ್ಕು ಒಟ್ಟಾರೆ ಎಷ್ಟು ಮೆಗಾಬೈಟು ಸಾಗಿಸಿತು ಎಂದು ಅಳೆದರೆ ಚೆನ್ನಾಗಿಯೇ ಇತ್ತು. ಬಳಸುವವರಿಗೆ ಮಾತ್ರ ಗೋಳು. ಯಾರಾದರೂ ದೊಡ್ಡ ಫೈಲನ್ನು ಬರೆಯತೊಡಗಿದರೆ ಸಾಲಿನ ತುಂಬ ಆ ಬರಹಗಳೇ. ಪುಟ್ಟ ಫೈಲೊಂದನ್ನು ಓದಲು ಬಂದವನು ಹಿಂದೆ ಉಳಿಯುತ್ತಿದ್ದ. ಕೊಟ್ಟು ಹೊರಟುಹೋದವರ ಕೆಲಸಕ್ಕಾಗಿ, ಎದುರಿಗೇ ನಿಂತವನು ಕಾಯಬೇಕು. ಇಂಥ ಏರ್ಪಾಟನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬಾರದು.

ಯೆನ್ಸ್ ಆಕ್ಸ್‌ಬೋ ಎಂಬ ಕರ್ನಲ್ ತಂತ್ರಜ್ಞ ಇದಕ್ಕೆ ಮಾಡಿದ ಪರಿಹಾರದ ಹೆಸರು ಡೆಡ್‌ಲೈನ್ ಷೆಡ್ಯೂಲರ್. ಷೆಡ್ಯೂಲರ್ ಎಂದರೆ ಸಾಲು ನಡೆಸುವ ಕರ್ನಲಿನ ಭಾಗ. ಪ್ರತಿ ಬೇಡಿಕೆಗೂ ಒಂದು ಗಡುವು ಕಟ್ಟಿದರು. ಓದಿಗೆ ಅರ್ಧ ಸೆಕೆಂಡು, ಬರಹಕ್ಕೆ ಐದು ಸೆಕೆಂಡು. ಗಡುವು ಮೀರುವ ತನಕ ಎಲಿವೇಟರ್ ತನ್ನ ಪಾಡಿಗೆ ನಡೆಯಲಿ. ಮೀರಿದರೆ ಸ್ಥಾನದ ಲೆಕ್ಕ ಬಿಟ್ಟು ಹಳೆಯ ಬೇಡಿಕೆಯ ಕಡೆಗೆ ತೋಳು ಹೊರಡಲಿ. ಅರ್ಧ ಮತ್ತು ಐದು: ಈ ಎರಡು ಅಂಕಿಗಳಲ್ಲಿ ಕಾಯುವವನಿಗೆ ಹತ್ತು ಪಟ್ಟು ಆದ್ಯತೆ ಸಿಕ್ಕಿತು.

ಆದರೂ ಒಂದು ರೋಗ ಉಳಿದಿತ್ತು. ಅದನ್ನು ಪತ್ತೆ ಹಚ್ಚಿದ್ದು ಅಮೆರಿಕದ ಟೆಕ್ಸಾಸಿನಲ್ಲಿರುವ ರೈಸ್ ವಿಶ್ವವಿದ್ಯಾಲಯದ ಸೀತಾರಾಂ ಅಯ್ಯರ್ ಮತ್ತು ಪೀಟರ್ ಡ್ರುಶೆಲ್, 2001ರಲ್ಲಿ. ಇಡೀ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಪ್ರೋಗ್ರಾಂ ಫೈಲನ್ನು ಓದುತ್ತಿದೆ ಎನ್ನಿ. ಒಂದು ಭಾಗ ಕೇಳುತ್ತದೆ, ಬಂದ ಮೇಲೆ ಅದನ್ನು ನೋಡಿ ಮುಂದಿನ ಭಾಗ ಕೇಳುತ್ತದೆ. ಎರಡು ಬೇಡಿಕೆಗಳ ನಡುವೆ ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯ ಬಿಡುವು. ಆ ಬಿಡುವಿನಲ್ಲಿ ಸಾಲನ್ನು ನೋಡಿದರೆ ಈ ಪ್ರೋಗ್ರಾಮಿನ ಬೇಡಿಕೆ ಯಾವುದೂ ಇಲ್ಲ. 'ಇವನದು ಮುಗಿಯಿತು' ಎಂದುಕೊಂಡು ಷೆಡ್ಯೂಲರ್ ತೋಳನ್ನು ಇನ್ನೊಬ್ಬನ ಫೈಲಿರುವ ದೂರದ ಜಾಗಕ್ಕೆ ಓಡಿಸುತ್ತದೆ. ತೋಳು ಅತ್ತ ಹೊರಟದ್ದೇ ತಡ, ಮೊದಲಿನವನ ಮುಂದಿನ ಬೇಡಿಕೆ ಬಂದು ನಿಲ್ಲುತ್ತದೆ, ಅದೂ ತೋಳು ಈಗಷ್ಟೇ ಬಿಟ್ಟುಬಂದ ಜಾಗದ ಪಕ್ಕದಲ್ಲೇ! ಅತ್ತಲಿನವನ ಒಂದು ಚೂರು ಕೊಟ್ಟು ಮತ್ತೆ ಇತ್ತ ಓಟ. ಇತ್ತ ಒಂದು ಚೂರು, ಮತ್ತೆ ಅತ್ತ. ಎಲಿವೇಟರ್ ಎಷ್ಟೇ ಜಾಣತನದಿಂದ ಸಾಲು ಜೋಡಿಸಿದರೂ ಸಾಲಿನಲ್ಲಿ ಒಂದೊಂದೇ ಬೇಡಿಕೆ ಇದ್ದರೆ ಜೋಡಿಸಲು ಏನಿದೆ? ಡೆಡ್‌ಲೈನಿನ ಆದ್ಯತೆ ಇಲ್ಲಿ ಕಾಯಿಲೆಯನ್ನು ಹೆಚ್ಚಿಸಿತು. ಓದಿಗೆ ಬೇಗ ಉತ್ತರ ಕೊಡುವ ಆತುರದಲ್ಲಿ ತೋಳು ಇನ್ನಷ್ಟು ಓಡಿತು.

ಅಯ್ಯರ್ ಮತ್ತು ಡ್ರುಶೆಲ್ ಸೂಚಿಸಿದ ಮದ್ದು ಕೇಳಿ: ಒಂದು ಓದು ಮುಗಿದ ಮೇಲೆ, ಸಾಲಿನಲ್ಲಿ ಬೇರೆಯವರು ಕಾದಿದ್ದರೂ, ಕೆಲವು ಮಿಲಿಸೆಕೆಂಡು ಏನೂ ಮಾಡದೆ ಅಲ್ಲೇ ನಿಲ್ಲಿ. ಬಹುಶಃ ಇದೇ ಪ್ರೋಗ್ರಾಂ ಪಕ್ಕದ ಭಾಗವನ್ನು ಕೇಳುತ್ತದೆ. ಕೇಳಿದರೆ ಹನ್ನೆರಡು ಮಿಲಿಸೆಕೆಂಡಿನ ಎರಡು ಓಟ ಉಳಿಯಿತು. ಕೇಳದಿದ್ದರೆ ಕಳೆದುಕೊಂಡದ್ದು ಕೆಲವೇ ಮಿಲಿಸೆಕೆಂಡು, ಆಗ ಮುಂದಿನವನ ಕಡೆ ಹೋದರಾಯಿತು. ಯಾವ ಪ್ರೋಗ್ರಾಂ ಸಾಮಾನ್ಯವಾಗಿ ಎಷ್ಟು ಬೇಗ ಮತ್ತೆ ಕೇಳುತ್ತದೆ ಎಂಬ ಲೆಕ್ಕವನ್ನೂ ಇಟ್ಟುಕೊಂಡು, ಕಾಯುವುದು ಲಾಭವೋ ನಷ್ಟವೋ ಎಂದು ನಿರ್ಧರಿಸಬೇಕು. ಕೈತುಂಬ ಕೆಲಸ ಇಟ್ಟುಕೊಂಡು ಬೇಕೆಂದೇ ಸುಮ್ಮನಿರುವ ಈ ಉಪಾಯವನ್ನು ನಿಕ್ ಪಿಗಿನ್ ಎಂಬುವರು ಲಿನಕ್ಸಿಗೆ ಅಳವಡಿಸಿದರು. 2003ರ ಕೊನೆಗೆ ಬಂದ 2.6 ಆವೃತ್ತಿಯಲ್ಲಿ ಅದೇ ಮೂಲ ಏರ್ಪಾಟಾಯಿತು. ಕಾಯುವ ಮಿತಿ ಆರೇಳು ಮಿಲಿಸೆಕೆಂಡು.

ಫಲ ಏನಾಯಿತು? ರಾಬರ್ಟ್ ಲವ್ ಎಂಬ ಕರ್ನಲ್ ತಂತ್ರಜ್ಞ 2004ರಲ್ಲಿ ಬರೆದ ಲೇಖನವೊಂದರಲ್ಲಿ ಅಳತೆಗಳಿವೆ. ಹಿನ್ನೆಲೆಯಲ್ಲಿ ಒಂದು ದೊಡ್ಡ ಓದು ಎಡೆಬಿಡದೆ ನಡೆಯುತ್ತಿದೆ. ಅದರ ನಡುವೆ ಲಿನಕ್ಸ್ ಕರ್ನಲಿನ ಮೂಲ ಪಠ್ಯದ ಫೈಲುಗಳನ್ನೆಲ್ಲ ಒಂದೊಂದಾಗಿ ಓದಬೇಕು. ಅವು ಸಾವಿರಾರು ಪುಟ್ಟ ಫೈಲುಗಳು. 2.4ರ ಹಳೆಯ ಎಲಿವೇಟರಿಗೆ ಮೂವತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಡೆಡ್‌ಲೈನಿಗೆ ಮೂರೂವರೆ ನಿಮಿಷ. ಸುಮ್ಮನೆ ನಿಂತು ಕಾಯುವ ಹೊಸ ಷೆಡ್ಯೂಲರಿಗೆ ಹದಿನೈದು ಸೆಕೆಂಡು. ಕೇಳುಗರೇ, ಯಂತ್ರಕ್ಕೆ ಒಂದು ಸ್ಕ್ರೂ ಕೂಡ ಹೊಸದಾಗಿ ಹಾಕಿರಲಿಲ್ಲ.

ಮುಂದೆ ಆಕ್ಸ್‌ಬೋ ಅವರದೇ ಇನ್ನೊಂದು ಷೆಡ್ಯೂಲರ್ ಬಂತು. 'ಕಂಪ್ಲೀಟ್ಲಿ ಫೇರ್ ಕ್ಯೂಯಿಂಗ್' ಎಂದು ಹೆಸರು, ಚುಟುಕಾಗಿ ಸಿಎಫ್‌ಕ್ಯೂ. ಪೂರ್ತಿ ನ್ಯಾಯ ಎಂದು ತನಗೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡದ್ದು ಸ್ವಲ್ಪ ಹೆಚ್ಚಾಯಿತು, ಇರಲಿ. 2006ರಿಂದ ಹಲವು ವರ್ಷ ಲಿನಕ್ಸಿನ ಮೂಲ ಏರ್ಪಾಟು ಅದೇ ಆಗಿತ್ತು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಬದಲು ಪ್ರತಿ ಪ್ರೋಗ್ರಾಮಿಗೂ ಬೇರೆ ಸಾಲು, ಪ್ರತಿ ಸಾಲಿಗೂ ಡಿಸ್ಕಿನ ಮೇಲೆ ಒಂದಿಷ್ಟು ಹೊತ್ತಿನ ಹಕ್ಕು. ತನ್ನ ಪಾಳಿಯಲ್ಲಿ ಬಿಡುವು ಬಂದರೆ ಸ್ವಲ್ಪ ಕಾಯುವ ಆ ಹಳೆಯ ಉಪಾಯವೂ ಇದರೊಳಗೆ ಸೇರಿತು. ಜೊತೆಗೆ ಆದ್ಯತೆಯ ದರ್ಜೆಗಳು ಬಂದವು. 'ಐಯೋನೈಸ್' ಎಂಬ ಆಜ್ಞೆಯಿಂದ ಒಂದು ಪ್ರೋಗ್ರಾಮನ್ನು ಕೊನೆಯ ದರ್ಜೆಗೆ ಹಾಕಿದರೆ, ಬೇರೆ ಯಾರಿಗೂ ಡಿಸ್ಕು ಬೇಡವಾದಾಗ ಮಾತ್ರ ಅದಕ್ಕೆ ಪಾಳಿ. ರಾತ್ರಿಯ ಬ್ಯಾಕಪ್ಪಿಗೆ ಹೇಳಿ ಮಾಡಿಸಿದಂಥದ್ದು. ಅದೇ ಸುಮಾರಿಗೆ ಮೈಕ್ರೊಸಾಫ್ಟ್ ಕೂಡ ವಿಂಡೋಸ್ ವಿಸ್ಟಾದಲ್ಲಿ ಡಿಸ್ಕಿನ ಬೇಡಿಕೆಗಳಿಗೆ ಆದ್ಯತೆ ತಂದು, ಫೈಲುಗಳ ಸೂಚಿ ತಯಾರಿಸುವುದು, ಡಿಸ್ಕನ್ನು ಒಪ್ಪಗೊಳಿಸುವುದು ಮುಂತಾದ ಹಿನ್ನೆಲೆ ಕೆಲಸಗಳನ್ನು ಕೆಳಗಿನ ದರ್ಜೆಗೆ ಇಳಿಸಿತು.

ಸಾಲು ನಡೆಸುವವನು ಎಷ್ಟೇ ನ್ಯಾಯವಂತನಾದರೂ, ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಫೈಲ್ ಸಿಸ್ಟಂ ಆ ನ್ಯಾಯವನ್ನು ಕೆಡಿಸಬಲ್ಲದು. 2008ರಲ್ಲಿ ಫೈರ್‌ಫಾಕ್ಸ್ 3 ಬ್ರೌಸರ್ ಬಿಡುಗಡೆಯ ಹೊಸ್ತಿಲಲ್ಲಿದ್ದಾಗ ಲಿನಕ್ಸ್ ಬಳಕೆದಾರರು ದೂರತೊಡಗಿದರು: ಬೇರೆ ಪ್ರೋಗ್ರಾಂ ಏನನ್ನಾದರೂ ಬರೆಯುತ್ತಿದ್ದರೆ ಬ್ರೌಸರ್ ಹಲವಾರು ಸೆಕೆಂಡು ಮರಗಟ್ಟಿ ನಿಲ್ಲುತ್ತದೆ. ಕಾರಣ ಹೀಗಿತ್ತು. ನೋಡಿದ ಪುಟಗಳ ಇತಿಹಾಸ ಕಳೆದುಹೋಗಬಾರದೆಂದು ಬ್ರೌಸರ್ ಆಗಾಗ 'ಇದನ್ನು ಈಗಲೇ, ನಿಜವಾಗಿ, ಡಿಸ್ಕಿಗೆ ಬರೆ' ಎಂದು ಕರ್ನಲಿಗೆ ಹೇಳುತ್ತಿತ್ತು. ಆಗ ಬಳಕೆಯಲ್ಲಿದ್ದ ಎಕ್ಸ್‌ಟ್-3 ಫೈಲ್ ಸಿಸ್ಟಂ ತನ್ನ ಸಾಮಾನ್ಯ ಏರ್ಪಾಟಿನಲ್ಲಿ ಅಷ್ಟನ್ನೇ ಬರೆದು ಬಿಡುತ್ತಿರಲಿಲ್ಲ. ಉಳಿದ ಪ್ರೋಗ್ರಾಂಗಳು ಬರೆಯಲು ಕೊಟ್ಟು ಮೆಮೊರಿಯಲ್ಲಿ ಬಾಕಿಯಿದ್ದ ಮಾಹಿತಿಯನ್ನೂ ಅದರ ಜೊತೆಗೇ ಇಳಿಸುತ್ತಿತ್ತು. ನಾಲ್ಕು ಕಿಲೋಬೈಟಿನ ಕೆಲಸಕ್ಕೆ ಬಂದವನು ನೂರಾರು ಮೆಗಾಬೈಟಿನ ಹೊರೆ ಇಳಿಯುವ ತನಕ ನಿಲ್ಲಬೇಕಾಯಿತು. ಹಂಚಿಕೊಳ್ಳುವುದು ಡಿಸ್ಕನ್ನು ಮಾತ್ರವಲ್ಲ, ಬಾಕಿಯನ್ನೂ ಎಂದು ಆಗ ಗೊತ್ತಾಯಿತು. ಮುಂದಿನ ತಲೆಮಾರಿನ ಎಕ್ಸ್‌ಟ್-4 ಈ ಕಾಟವನ್ನು ಬಹಳಮಟ್ಟಿಗೆ ಕಡಿಮೆ ಮಾಡಿತು.

ಒಂದೇ ಫೈಲಿಗೆ ಇಬ್ಬರು ಕೈಹಾಕುವುದು ಬೇರೆಯೇ ತಕರಾರು. ಅಲ್ಲಿ ಪ್ರಶ್ನೆ ವೇಗದ್ದಲ್ಲ, ಬೀಗದ್ದು. ವಿಂಡೋಸ್ 'ಈ ಫೈಲು ಬೇರೆ ಪ್ರೋಗ್ರಾಮಿನಲ್ಲಿ ತೆರೆದಿದೆ' ಎಂದು ತಡೆಯುತ್ತದೆ. ಯುನಿಕ್ಸ್ ಪರಂಪರೆಯಲ್ಲಿ ಬೀಗ ಸಾಮಾನ್ಯವಾಗಿ ಒಪ್ಪಂದದ ಬೀಗ, ಗೌರವಿಸುವವರಿಗಷ್ಟೇ ಬೀಗ. ಅದು ಇನ್ನೊಂದು ಭಾಷಣಕ್ಕಾಗುವಷ್ಟಿದೆ.

ಇಷ್ಟೆಲ್ಲ ಕೇಳಿದ ಮೇಲೆ, ಈಗ ಎಲ್ಲ ಲ್ಯಾಪ್‌ಟಾಪಿನಲ್ಲೂ ಎಸ್‌ಎಸ್‌ಡಿ ಬಂದಿದೆಯಲ್ಲ ಎಂದು ಯುವ ಕೇಳುಗರು ಕೇಳಬಹುದು. ನಿಜ. ಅದರಲ್ಲಿ ತೋಳಿಲ್ಲ, ತಿರುಗುವ ತಟ್ಟೆಯಿಲ್ಲ. ದೂರ, ಹತ್ತಿರ ಎಂಬ ಮಾತೇ ಇಲ್ಲ. ಸಾಟಾ ಎಂಬ ಹಳೆಯ ಪದ್ಧತಿಯ ಡಿಸ್ಕು ಒಂದೇ ಸಾಲಿನಲ್ಲಿ ಮೂವತ್ತೆರಡು ಬೇಡಿಕೆಗಳನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಎನ್‌ವಿಎಂಇ ಎಂಬ ಹೊಸ ಪದ್ಧತಿಯ ಪ್ರಕಾರ ಅರವತ್ತೈದು ಸಾವಿರಕ್ಕೂ ಹೆಚ್ಚು ಸಾಲುಗಳಿರಬಹುದು, ಒಂದೊಂದರಲ್ಲೂ ಅಷ್ಟೇ ಬೇಡಿಕೆಗಳು. ಇಂಥ ವೇಗದ ಮುಂದೆ ಸಾಲು ಜೋಡಿಸುತ್ತ ಕೂರುವುದೇ ತಡವಾಗುತ್ತದೆ. ಆದ್ದರಿಂದ ಲಿನಕ್ಸಿನಲ್ಲಿ ಎನ್‌ವಿಎಂಇ ಡಿಸ್ಕುಗಳಿಗೆ ಸಾಮಾನ್ಯವಾಗಿ ಷೆಡ್ಯೂಲರೇ ಇಲ್ಲದೆ ಬಿಡುತ್ತಾರೆ. 2019ರ ಮಾರ್ಚಿನಲ್ಲಿ ಬಂದ 5.0 ಆವೃತ್ತಿಯಲ್ಲಿ ಹಳೆಯ ಒಂಟಿ ಸಾಲಿನ ವ್ಯವಸ್ಥೆಯನ್ನೂ ಅದರೊಂದಿಗೆ ಸಿಎಫ್‌ಕ್ಯೂವನ್ನೂ ಕಿತ್ತುಹಾಕಿದರು.

ಆದರೆ ಹಂಚಿಕೆಯ ತಕರಾರು ಮುಗಿದಿಲ್ಲ. ಎಸ್‌ಎಸ್‌ಡಿಯೊಳಗಿನ ಫ್ಲ್ಯಾಷ್ ಮೆಮೊರಿಯಲ್ಲಿ ಓದಿಗಿಂತ ಬರಹ ನಿಧಾನ. ಹಳೆಯದರ ಮೇಲೆ ನೇರವಾಗಿ ಬರೆಯಲು ಬಾರದು, ದೊಡ್ಡ ದೊಡ್ಡ ತುಂಡುಗಳನ್ನು ಮೊದಲು ಅಳಿಸಬೇಕು. ಆ ಅಳಿಸಾಟದ ಹೊತ್ತಿಗೆ ಬಂದ ಓದು ಕಾಯುತ್ತದೆ. ಒಂದೇ ಸರ್ವರಿನಲ್ಲಿ ಹತ್ತಾರು ಗಿರಾಕಿಗಳ ಕೆಲಸ ನಡೆಯುವ ಕಡೆ ಒಬ್ಬನ ಅಬ್ಬರ ಇನ್ನೊಬ್ಬನಿಗೆ ತಟ್ಟದಂತೆ ನೋಡಿಕೊಳ್ಳುವುದು ಈಗಲೂ ದೊಡ್ಡ ಕೆಲಸ. ಇಟಲಿಯ ಪಾವ್ಲೊ ವಲೆಂತೆ ಮತ್ತು ಸಂಗಡಿಗರ ಬಿಎಫ್‌ಕ್ಯೂ ಎಂಬ ಷೆಡ್ಯೂಲರ್ 2017ರಲ್ಲಿ ಲಿನಕ್ಸಿಗೆ ಸೇರಿತು. ಅದು ಹೊತ್ತಿನ ಬದಲು ಸಾಗಿಸಿದ ಮಾಹಿತಿಯ ಲೆಕ್ಕದಲ್ಲಿ ಪಾಲು ಹಂಚುತ್ತದೆ, ಮನುಷ್ಯ ಎದುರಿಗೆ ಕೂತು ತೆರೆದ ಪ್ರೋಗ್ರಾಮನ್ನು ಗುರುತಿಸಿ ಮುಂದೆ ಬಿಡಲು ನೋಡುತ್ತದೆ. ಹಳೆಯ ಡೆಡ್‌ಲೈನ್ ಕೂಡ ಬಹುಸಾಲಿನ ಹೊಸ ರೂಪದಲ್ಲಿ ಇನ್ನೂ ಬದುಕಿದೆ. ಅಗ್ಗಕ್ಕೆ ಅಪಾರ ಮಾಹಿತಿ ಕೂಡಿಡಬೇಕಾದ ಡೇಟಾ ಸೆಂಟರುಗಳಲ್ಲಿ ತಿರುಗುವ ತಟ್ಟೆಗಳೂ ಇನ್ನೂ ತಿರುಗುತ್ತಿವೆ.

ಕೊನೆಗೆ ಎರಡು ಬಳಕೆಯ ಮಾತು. ನಿಮ್ಮಲ್ಲಿ ತಿರುಗುವ ಡಿಸ್ಕೇ ಇದ್ದರೆ ದೊಡ್ಡ ನಕಲುಗಳನ್ನು ಒಂದು ಮುಗಿದ ಮೇಲೆ ಇನ್ನೊಂದು ಹಚ್ಚಿ. ವೈರಸ್ ತಪಾಸಣೆಯನ್ನೂ ಬ್ಯಾಕಪ್ಪನ್ನೂ ನೀವು ಕೆಲಸ ಮಾಡದ ಹೊತ್ತಿಗೆ ನಿಗದಿ ಮಾಡಿ. ಇನ್ನೊಂದು, ಪೆನ್‌ಡ್ರೈವಿಗೆ ನಕಲು ಮುಗಿಯಿತು ಎಂದು ಪರದೆ ಹೇಳಿದ ಮಾತ್ರಕ್ಕೆ ಅದನ್ನು ಕಿತ್ತುಕೊಳ್ಳಬೇಡಿ. ನಿಮ್ಮ ಫೈಲಿನ ಒಂದು ಭಾಗ ಆಗಿನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಇರಬಹುದು. ಇಜೆಕ್ಟ್ ಒತ್ತಿ, 'ಈಗ ತೆಗೆಯಬಹುದು' ಎಂಬ ಸೂಚನೆ ಬರುವ ತನಕ ಕಾದು, ಆಮೇಲೆ ತೆಗೆಯಿರಿ.